ಟ್ರಯಲ್

ಡೊರೀನ್ ಮಿಸ್ಸಿನ ಸೈಕಲ್ಲು ವಾಪಸ್ ಬಂದದ್ದು
ರಟ್ಟಿನ ಪೆಟ್ಟಿಗೆಯಲ್ಲಿ, ಕೈಕಾಲು ಬಿಚ್ಚಿಸಿಕೊಂಡು.
ಕಾಕ್ಸ್ ಟೌನಿನಿಂದ ಆಟೋದಲ್ಲಿ ಅಡ್ಡಡ್ಡ ಹೇರಿಸಿ ತಂದು
“ಜಬೀನಾ, ಎಲ್ಲ ನೋಡು” ಅಂದರು.
ಪೀಟಿ ಮಿಸ್ಸು. ಮಾತು ಕೂಡ ಸೀಟಿಯ ಹಾಗೆ,
ಬೇಕಾದಾಗ ಒಂದೇ ಸಲ.

“ಎಲ್ಲಿ ಹೋಗಿದ್ರಿ ಇಷ್ಟು ದಿನ?”
“ಗ್ರೀಸು.”
ಕಿವಿ ಮಂದವಾದ ಅಬ್ಬಾ ಡಬ್ಬಿ ಮುಂದೆ ತಳ್ಳಿದರು.
“ಆ ಗ್ರೀಸಲ್ಲ. ದೇಶ. ಅಲ್ಲಿ ಪಿಂಡಸ್ ಅಂತ ಬೆಟ್ಟಸಾಲು.”
ಪಕ್ಕದ ಟೀ ಅಂಗಡಿಯ ತೋಪಯ್ಯ ಸೋಸುವ ಬಟ್ಟೆ ಹಿಂಡುತ್ತ
“ಏನ್ ಹೆಸರಮ್ಮ ಅದು, ಪಿಂಡ ಇಡೋ ಜಾಗವಾ?” ಅಂದ.
ಮಿಸ್ಸು ನಗಲಿಲ್ಲ.
“ಒಂದು ಲೆಕ್ಕಕ್ಕೆ ಹೌದು” ಅಂದು
ಚಹಾದ ಚಿಲ್ಲರೆ ಎಣಿಸಿಟ್ಟು ನಡೆದರು.

ಸುಳ್ಳು ಹೇಳಲು ಬಾರದ ವಸ್ತು ಅಂದರೆ ಬ್ರೇಕ್ ಪ್ಯಾಡು.
ಹಿಂದಿನದು ಸವೆದು ಉಗುರಿನಷ್ಟು,
ಮುಂದಿನದು ಇನ್ನೂ ದಪ್ಪಗೆ, ಅಂಗಡಿಯಿಂದ ತಂದ ಹಾಗೆ.
ನಲವತ್ತು ಹುಡುಗಿಯರನ್ನು ಬಿಸಿಲಲ್ಲಿ ಸುತ್ತು ಹಾಕಿಸುತ್ತಿದ್ದ ಮಿಸ್ಸು
ಇಳಿಜಾರಿಗೆ ಹೆದರಿದ್ದಾರೆ ಅಂದುಕೊಂಡೆ,
ಸ್ವಲ್ಪ ಖುಷಿಯೂ ಆಯಿತು.
ಹಿಂಚಕ್ರದ ಹಲ್ಲುಬಿಲ್ಲೆಗಳಲ್ಲಿ ದೊಡ್ಡದೊಂದೇ ತಿಂದುಹೋಗಿದೆ,
ಚಿಕ್ಕವು ಮುಟ್ಟಿಲ್ಲ. ಅಂದರೆ ಹತ್ತಿದ್ದೇ ಹತ್ತಿದ್ದು.
ಹ್ಯಾಂಡಲ್ಲಿನ ಟೇಪು ಸುಲಿದರೆ
ಒಳಗೆ ಬೆವರಿನ ಉಪ್ಪು, ಗೋಡೆಯ ಸುಣ್ಣದಂತೆ ಉದುರಿತು.
ನೀರಿನ ಬಾಟಲಿಯಲ್ಲಿ ನಾಲ್ಕು ಹಲ್ಲಿನ ತೂತು.
ಟ್ಯಾನರಿ ರೋಡಿನ ಯಾವ ನಾಯಿಗೂ ಅಷ್ಟಗಲ ದವಡೆಯಿಲ್ಲ;
ಅಲ್ಲಿ ಕುರಿ ಕಾಯುವ ನಾಯಿಗಳಂತೆ, ಆಮೇಲೆ ಕೇಳಿ ತಿಳಿದೆ.

ಸೀಟಿನ ಕೊಳವೆ ಎಳೆದಾಗ
ಬೂದಿಬಣ್ಣದ ಮಣ್ಣು ಒಂದು ಹಿಡಿ,
ನಮ್ಮ ಮಣ್ಣಿನ ಕೆಂಪು ಒಂದು ಚೂರೂ ಇಲ್ಲ,
ಅದರೊಳಗೆ ಕೊಕ್ಕೆಮುಳ್ಳಿನ ಕಾಯಿ.
ತೆಗೆದಿಡೋಣ ಅನ್ನುವಷ್ಟರಲ್ಲಿ ಅಬ್ಬಾ ಗುಡಿಸಿಬಿಟ್ಟರು,
ಮೆಟ್ರೋ ಅಗೆತದ ಧೂಳಿನ ಜೊತೆ.
ಕಾಯಿ ಮಾತ್ರ ಪೊರಕೆಗೆ ಅಂಟಿಕೊಂಡು
ಇವತ್ತೂ ನಮ್ಮ ಅಂಗಡಿ ಗುಡಿಸುತ್ತಿದೆ.

ಮೂರು ದಿನ. ಚೈನು, ಕೇಬಲ್ಲು, ಸ್ಪೋಕಿನ ಬಿಗಿ.
ಟ್ರಯಲ್ ನೋಡದೆ ಗಾಡಿ ಕೊಡಬಾರದು, ಇದು ಅಬ್ಬಾನ ಕಟ್ಟಳೆ.
ಹತ್ತುವ ಗೇರು ನೋಡಲು ಹತ್ತುವ ಜಾಗ ಬೇಡವೇ?
ನಸುಕಿನ ನಾಲ್ಕೂವರೆಗೆ ಹೊರಟೆ,
ದುಪಟ್ಟಾ ಸೊಂಟಕ್ಕೆ ಬಿಗಿದು, ಕಾಲಿಗೆ ಮನೆಯ ಚಪ್ಪಲಿ.
ಹಾಲಿನ ವ್ಯಾನು, ಮೇಖ್ರಿ ಸರ್ಕಲ್ಲು, ಕಂಬಳಿ ಹೊದ್ದ ಪೊಲೀಸಪ್ಪ,
ಆಮೇಲೆ ಹೆಬ್ಬಾಳದ ಫ್ಲೈಓವರು,
ಸರ್ಕಾರ ಟೆಂಡರು ಕರೆದು ಕಟ್ಟಿಸಿದ ಬೆಟ್ಟ.

ಹದಿನೈದು ವರ್ಷ ಊರಿನ ಸೈಕಲ್ಲೆಲ್ಲ ತಲೆಕೆಳಗು ನಿಲ್ಲಿಸಿ
ಪೆಡಲು ಕೈಯಲ್ಲಿ ತಿರುಗಿಸಿದವಳು ನಾನು.
ಕಾಲಲ್ಲಿ ತಿರುಗಿಸಿದ್ದು ಕಡಿಮೆ.
ದೊಡ್ಡ ಬಿಲ್ಲೆಗೆ ಚೈನು ಏರಿತು, ಸದ್ದಿಲ್ಲದೆ.
ಅರ್ಧಕ್ಕೆ ಬರುವಾಗ ಉಸಿರು ನನ್ನದಲ್ಲ, ಯಾರದೋ ಎಮ್ಮೆಯದು.
ಏರ್‌ಪೋರ್ಟಿನ ಟ್ಯಾಕ್ಸಿಯವನು ಕಿಟಕಿಯಿಳಿಸಿ
“ಸಾಯಕ್ಕೆ ಬೇರೆ ಜಾಗ ಸಿಗಲಿಲ್ವಾ?” ಅಂದು ಹೋದ.
ಉತ್ತರ ಕೊಡಲು ಗಾಳಿ ಸಾಲಲಿಲ್ಲ.

ಮೇಲೆ ಬಂದೆ.
ಎಲ್ಲಾ ದಿಕ್ಕಿಗೂ ದೀಪ. ಕೆರೆ ಇದ್ದ ಕಡೆ ಮಾತ್ರ
ಯಾರೋ ಕಪ್ಪು ಬಟ್ಟೆ ಹಾಸಿ ಮರೆತಂತೆ.
ಒಂದು ಹಕ್ಕಿ ಕೂಗಿತು. ಇನ್ನೊಮ್ಮೆ ಕೂಗಲಿಲ್ಲ.
ಇನ್ನು ಇಳಿಯುವುದೇ, ಪೆಡಲು ತುಳಿಯುವಂತಿಲ್ಲ, ಸುಮ್ಮನೆ ಕೂತರಾಯಿತು,
ಆದರೆ ಎಡಗೈ ತಾನಾಗಿ ಬ್ರೇಕು ಹಿಡಿಯಿತು,
ಹಿಡಿದೇ ಇತ್ತು.
ಹೊಸ ಪ್ಯಾಡು ಸಣ್ಣಗೆ ಅಳುತ್ತಿತ್ತು.
ಹೆದರಿಕೆಯಲ್ಲ ಮಿಸ್, ಗೊತ್ತಾಯಿತು ಬಿಡಿ.
ಇಳಿಯಲು ಮನಸ್ಸಿರಲಿಲ್ಲ ನಿಮಗೆ.

ಸಂಜೆ ಬಂದರು. ಚಕ್ರ ಎತ್ತಿ ತಿರುಗಿಸಿ ನೋಡಿದರು,
ಬೆರಳಿಂದ ಟೈರಿನ ಮಣ್ಣು ಕೆರೆದು
ಅಂಗಡಿಯ ಬಲ್ಬಿಗೆ ಹಿಡಿದರು. ಕೆಂಪು.
“ಎಲ್ಲಿವರೆಗೆ?”
“ಹೆಬ್ಬಾಳ.”
“ಹ್ಞೂಂ.”
ಬಿಲ್ಲು ಸಾವಿರದ ಆರುನೂರು.
ಇಪ್ಪತ್ತು ರೂಪಾಯಿ ಹಿಡಿದುಕೊಂಡು ಕೊಟ್ಟರು,
ಸೈಕಲ್ ಬಾಡಿಗೆಯಂತೆ.